ಓಟಿನ ದಿನ ಬಾಗಿಲು ತಟ್ಟುತ್ತಿದ್ದ ಮಾಮಿ

ಎದುರುಮನೆ ಮಾಮಿಯ ಬಲಗೈ ನಡುಬೆರಳಿನ ಗೆಣ್ಣು ಸಂಧಿವಾತದಿಂದ ಊದಿ ನೆಲ್ಲಿಕಾಯಿಯಷ್ಟಾಗಿತ್ತು. ಓಟಿನ ದಿನ ಬೆಳಿಗ್ಗೆ ಆ ಗೆಣ್ಣಿನಿಂದಲೇ ಅವರು ನಮ್ಮ ಬೀದಿಯ ಬಾಗಿಲುಗಳನ್ನೆಲ್ಲ ತಟ್ಟುತ್ತಿದ್ದರು. ಕಾಲಿಂಗ್ ಬೆಲ್ ಮುಟ್ಟುತ್ತಿರಲಿಲ್ಲ. ಮರಕ್ಕೆ ಎಲುಬು ಬಡಿಯುವ ಆ ಸದ್ದಿಗೆ ಎಂಥ ನಿದ್ದೆಯೂ ಹಾರಿಹೋಗುತ್ತಿತ್ತು.

"ಎದ್ದು ಬಾಮ್ಮಾ, ಸೀಕ್ರಂ! ಬೂತಲ್ಲಿ ಇನ್ನೂ ಕ್ಯೂ ಇಲ್ಲ."

ತೊಂಬತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಮದರಾಸಿನ ಅಂಬತ್ತೂರಿಗೆ ಬಂದಾಗ ಆ ಬೀದಿಯಲ್ಲಿ ಕನ್ನಡದ ಮನೆ ಎಂದರೆ ನಮ್ಮದು ಮತ್ತು ಅವರದು. ಅವರು ಅಜ್ಜನ ಕಾಲದಿಂದ ಮದರಾಸಿನಲ್ಲಿದ್ದ ವೈಷ್ಣವರು. ಮಾಮಿಯ ಮಾತು ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ಮುಗಿಯುತ್ತಿತ್ತು. ಕಾನ್ವೆಂಟಿನಲ್ಲಿ ಮೆಲುದನಿಯಲ್ಲಿ ಮಾತಾಡಲು ಕಲಿತು ಬಂದ ನನ್ನನ್ನು ಮೊದಲ ಓಟಿಗೆ ಕೈಹಿಡಿದು ಕರೆದೊಯ್ದವರು ಅವರೇ.

ಬೀದಿಯ ರಾಜಕೀಯ ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂಜೆ ಸುದ್ದಿಯ ಹೊತ್ತಿಗೆ ಬಲಗಡೆಯ ಮನೆಗಳಲ್ಲಿ ಒಂದು ಪಾರ್ಟಿಯ ಚಾನೆಲ್, ಎಡಗಡೆ ಇನ್ನೊಂದರದು. ನಡುವೆ ನಡೆದು ಹೋದರೆ ಒಂದೇ ಸಭೆಗೆ ಒಂದು ಕಿವಿಯಲ್ಲಿ ಜನಸಾಗರ, ಇನ್ನೊಂದರಲ್ಲಿ ಖಾಲಿ ಕುರ್ಚಿ. ಆದರೆ ಓಟಿನ ದಿನ ಮಾತ್ರ ಎರಡೂ ಕಡೆ ರಜೆಯ ನಿದ್ದೆ.

"ನಿಮ್ದು ಯಾವ ಪಾರ್ಟಿ ಮಾಮಿ?" ಎಂದು ಮೂಲೆಮನೆಯ ಟೈಲರ್ ಕೆಣಕುತ್ತಿದ್ದ. ಅವನು ಬೂತಿನಲ್ಲಿ ಒಂದು ಪಾರ್ಟಿಯ ಏಜೆಂಟ್.

"ಬಾಗಿಲು ತಟ್ಟೋ ಪಾರ್ಟಿ ಕಣಪ್ಪಾ. ಯಾರಿಗಾದ್ರೂ ಹಾಕಿ, ಹೋಗಿ ಹಾಕಿ. ನೀವು ಹೋಗ್ದೆ ಇದ್ರೆ ನಿಮ್ಮ ಹೆಸರು ತಾನೇ ಎದ್ದು ಹೋಗಿ ಹಾಕಿ ಬರತ್ತೆ."

ಎಲ್ಲರೂ ನಗುತ್ತಿದ್ದರು. ಮಾಮಿ ನಗುತ್ತಿರಲಿಲ್ಲ.

ಅವರ ಯಜಮಾನರು ಒಂದು ಬೆಳಿಗ್ಗೆ ಕಾರ್ಖಾನೆಗೆಂದು ಹೊರಟವರು ಕಾರ್ಖಾನೆಯನ್ನೂ ತಲುಪಲಿಲ್ಲ, ಮನೆಗೂ ಮರಳಲಿಲ್ಲ. ಇದು ನಾನು ಆ ಬೀದಿಗೆ ಬರುವ ಮೊದಲಿನ ಸಂಗತಿ. ಆಮೇಲಿನ ಚುನಾವಣೆಯಲ್ಲಿ ಅವರ ಹೆಸರಿನಲ್ಲಿ ಓಟು ಬಿದ್ದಿತ್ತು. ಕಳ್ಳ ಓಟು ಎಂದರು ಎಲ್ಲರೂ. "ಅವರೇ ಬಂದು ಹಾಕಿದ್ರೆ?" ಎಂದರಂತೆ ಮಾಮಿ.

ಕಾಣೆಯಾದವರಿಗಾಗಿ ಹನ್ನೆರಡು ವರ್ಷ ಕಾದು, ದರ್ಭೆಯ ಗೊಂಬೆ ಮಾಡಿ, ಅದನ್ನು ಸುಟ್ಟು ಕರ್ಮ ಮುಗಿಸುವುದು ಅವರ ಮನೆತನದ ಪದ್ಧತಿ. ಅಂದಿನಿಂದ ಹೆಂಡತಿ ವಿಧವೆ. ಆ ಹನ್ನೆರಡು ತುಂಬುವ ವರ್ಷವೇ ಚುನಾವಣೆ ಬಂತು. ಮಾಮಿಯ ತಮ್ಮನ ಮಗ ಪುರೋಹಿತರಿಗೆ ಹೇಳಿಯೂ ಆಗಿತ್ತು.

"ಓಟು ಕಳೀಲಿ. ಆಮೇಲೆ ನೋಡೋಣ," ಎಂದರು ಮಾಮಿ.

ಆ ಸಲ ಒಂದು ಬಾಗಿಲನ್ನೂ ಬಿಡದೆ ತಟ್ಟಿದರು. ಯಾಕಿಷ್ಟು ಪಾಡು ಎಂದಾಗ ನನಗೊಬ್ಬಳಿಗೆ ಹೇಳಿದರು: "ಬೀದಿಯೋರೆಲ್ಲ ಹಾಕಿಬಿಟ್ರೆ ಕಳ್ಳ ಓಟಿನೋರಿಗೆ ಕೆಲಸ ಇಲ್ಲ, ಮಧ್ಯಾಹ್ನವೇ ಹೋಗ್ತಾರೆ. ಆಮೇಲೂ ಇವರ ಹೆಸರಿಗೆ ಆಳು ಬಂದ್ರೆ, ಅದು ಇವರೇ."

ಎಲ್ಲರೂ ಹಾಕಿಬಿಟ್ಟರೆ ಕಳ್ಳರಿಗೆ ಉಳಿಯುವುದು ಅದೊಂದೇ ಹೆಸರಲ್ಲವೇ ಎಂದು ನನಗೆ ಹೊಳೆಯಿತು. ಅಷ್ಟರಲ್ಲಿ ಮಾಮಿ ಮುಂದಿನ ಬಾಗಿಲು ತಟ್ಟುತ್ತಿದ್ದರು.

ಬೂತು ಇದ್ದದ್ದು ಶಾಲೆಯಲ್ಲಿ. ಏಜೆಂಟರು ಆಕ್ಷೇಪಿಸುವುದಿದ್ದರೆ ಆಕ್ಷೇಪಿಸಲೆಂದು ಅಧಿಕಾರಿ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ಓಟು ಮುಗಿದ ಮೇಲೂ ಮಾಮಿ ಬಾಗಿಲ ಹೊರಗೆ ಗೋಡೆಗೆ ಆತು ನಿಂತರು. ಹೊತ್ತು ಇಳಿಬಿಸಿಲಿಗೆ ತಿರುಗಿತು. ಅಂಗಳ ಖಾಲಿಯಾಗಿತ್ತು. ಒಂದು ಕಾಗೆಯೂ ಕೂಗುತ್ತಿರಲಿಲ್ಲ.

ಆಗ ಆ ಹೆಸರು ಕೇಳಿಸಿತು. ಗಂಡನ ಹೆಸರನ್ನು ಬಾಯಲ್ಲಿ ಆಡುವವರಲ್ಲ ಮಾಮಿ. ನಾನೂ ಅದನ್ನಿಲ್ಲಿ ಬರೆಯುವುದಿಲ್ಲ.

"ನಾನೇ," ಎಂದಿತು ಒಂದು ಒಣ ದನಿ.

ಮೇಜಿನ ಮುಂದೆ ಅರವತ್ತರ ಆಸುಪಾಸಿನ ಸಣಕಲು ಆಸಾಮಿ. ತಲೆಗೂದಲು ಈಗಷ್ಟೇ ನೀರಿನಿಂದ ಎದ್ದು ಬಂದ ಹಾಗೆ ಒದ್ದೆ. ಆತ ಒಳಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಬಾಗಿಲಲ್ಲೇ ನಿಂತಿದ್ದೆ.

ಟೈಲರ್ ಎದ್ದು ನಿಂತ. "ಯಾರ್ರೀ ನೀವು? ಆ ಮನೆಯೋರು ಕಾಣೆಯಾಗಿ ಎಷ್ಟು ವರ್ಷ ಆಯ್ತು! ಇಗೋ, ಅವರ ಸಂಸಾರ ಇಲ್ಲೇ ನಿಂತಿದಾರೆ."

ಅಧಿಕಾರಿ ನಮ್ಮ ಕಡೆ ತಿರುಗಿದರು. "ಅಮ್ಮಾ, ಇವರು ನಿಮ್ಮ ಯಜಮಾನರಾ?"

ಮಾಮಿ ನೋಡಿದರು. ಬಹಳ ಹೊತ್ತು ನೋಡಿದರು. ಆತ ಗೋಡೆಯ ಕಡೆ ಮುಖ ಮಾಡಿದ್ದ. ಮಾಮಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಹೊಸ ಮದುವಣಗಿತ್ತಿಯಂಥ ದನಿಯಲ್ಲಿ, "ಹೌದು," ಎಂದರು.

ಒಳಗೆ ಓಟಿನ ಮೆಷಿನ್ ಉದ್ದಕ್ಕೆ ಕೂಗಿ ನಿಂತಿತು.

ಮನೆಯ ದಾರಿಯಲ್ಲಿ ಹಿಂದೆ ಹೆಜ್ಜೆಯ ಸಪ್ಪಳ. ನಾವು ನಿಂತರೆ ಅದೂ ನಿಲ್ಲುತ್ತಿತ್ತು.

"ತಿರುಗಬೇಡ," ಎಂದರು ಮಾಮಿ.

ಆದರೂ ಬೀದಿಯ ಮೂಲೆಯಲ್ಲಿ ತಿರುಗಿ ನೋಡಿದೆ. ಆತ ಕೊಳಾಯಿಯ ಪಕ್ಕ ನಿಂತು, ಮರೆತ ವಿಳಾಸ ಹುಡುಕುವವನಂತೆ ಒಂದೊಂದೇ ಮನೆಯನ್ನು ನೋಡುತ್ತಿದ್ದ.

"ಮಾಮಿ, ನಿಜವಾಗ್ಲೂ ಅವರೇನಾ?"

"ಕೊಂಚ ಇಳಿದುಹೋಗಿದಾರೆ," ಎಂದಷ್ಟೇ ಹೇಳಿ ಮಾಮಿ ಗೇಟು ತೆಗೆದರು.

ದರ್ಭೆಯ ಗೊಂಬೆ ಸುಡಲಿಲ್ಲ. ತಮ್ಮನ ಮಗ ಸಿಟ್ಟಾಗಿ ಬರುವುದನ್ನೇ ಬಿಟ್ಟ. ಆತನನ್ನು ಬೀದಿಯಲ್ಲಿ ಮತ್ತೆ ಯಾರೂ ಕಾಣಲಿಲ್ಲ.

ಮುಂದಿನ ಚುನಾವಣೆಗೆ ಮೊದಲೇ ಮಾಮಿ ಹೋದರು, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ತಮ್ಮನ ಮಗ ಬಂದ. ದೇಹಕ್ಕೆ ನೀರು ಹಾಕುವ ಮೊದಲು ಪುರೋಹಿತರು ಕೇಳಿದರು: "ಸುಮಂಗಲಿಯೋ, ಅಲ್ಲವೋ?" ಅವನು ನೆಲ ನೋಡಿದ. "ಅತ್ತೆ ಹೇಳ್ತಿದ್ರು, ಇದಾರೆ ಅಂತ. ನೋಡಿದೋರು ಯಾರು?"

ತುಂಬಿದ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. "ನಾನು ನೋಡಿದೀನಿ," ಎಂದೆ. "ಹೆಸರು ಕೂಗಿದ್ರು, ಅವರು ಓಗೊಟ್ರು. ಇವರೇನಾ ಅಂತ ಕೇಳಿದ್ದಕ್ಕೆ ಮಾಮಿ ಹೌದು ಅಂದ್ರು. ಓಟು ಹಾಕಿದ್ರು."

ಇದರಲ್ಲಿ ಒಂದು ಸುಳ್ಳೂ ಇಲ್ಲ, ಇವತ್ತಿಗೂ ಇಲ್ಲ.

ಪುರೋಹಿತರು ಒಳಗೆ ತಿರುಗಿ, "ಅರಿಶಿನ, ಕುಂಕುಮ, ಹಸಿರು ಬಳೆ ತನ್ನಿ," ಎಂದರು. ಮಾಮಿಯ ಪಾದಕ್ಕೆ ಅರಿಶಿನ ಹಚ್ಚಿದವಳು ನಾನೇ.