ಎಲೆ ಒರೆಸುವ ಕೆಲಸ

ಇಪ್ಪತ್ತೆರಡು ವರ್ಷಗಳಿಂದ ಶಿಕಾರಿಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಸ್ಯರೋಗಗಳ ಪಾಠ ಹೇಳುತ್ತಿರುವ ನನಗೆ, ನಮ್ಮ ಮನೆಯ ಮುಂದೆ ಮರದಂತೆ ಬೆಳೆದ ದಾಸವಾಳಕ್ಕೆ ರೋಗ ತಗುಲಿದ್ದೇ ಗೊತ್ತಾಗಲಿಲ್ಲ. ನಗಬೇಡಿ. ಕುಡಿಗಳ ಮೇಲೆ ಬೆಳ್ಳಗಿದ್ದದ್ದನ್ನು ಎಲ್ಲಿಂದಲೋ ಹಾರಿಬಂದ ಬೂರುಗದ ಹತ್ತಿ ಎಂದುಕೊಂಡಿದ್ದೆ. ಹೆಂಡತಿ ಗಿರಿಜೆ ಕಡ್ಡಿಯಿಂದ ಅದನ್ನು ಮುಟ್ಟಿದಳು. ಹತ್ತಿ ನಡೆಯತೊಡಗಿತು.

ಅದು ಹಿಟ್ಟು ತಿಗಣೆ. ಗಿಡದ ರಸ ಹೀರಿ ಸಿಹಿ ಅಂಟು ಸುರಿಸುವ ಹುಳ. ಆ ಸಿಹಿಯ ಆಸೆಗೆ ಇರುವೆಗಳು ಅದನ್ನು ನಾವು ಎಮ್ಮೆ ಸಾಕಿದ ಹಾಗೆ ಸಾಕುತ್ತವೆ. ಹೊಸ ಕುಡಿ ಕಂಡರೆ ಹೊತ್ತೊಯ್ದು ಮೇಯಲು ಬಿಡುತ್ತವೆ. ಚೆಲ್ಲಿದ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇದನ್ನೆಲ್ಲ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಮರವನ್ನು ಮಾತ್ರ ತಲೆಯೆತ್ತಿ ನೋಡಿದವನಲ್ಲ.

ತಪ್ಪು ತಿದ್ದಿಕೊಳ್ಳುವ ಆತುರದಲ್ಲಿ ಬಟ್ಟೆ ಸೋಪಿನ ಪುಡಿ ಕಲಸಿ ಮಟಮಟ ಮಧ್ಯಾಹ್ನ ಎರಚಿದೆ. ಮೂರು ದಿನಕ್ಕೆ ಎಲೆಗಳ ಅಂಚು ಸುಟ್ಟು ಮುರುಟಿತು. ಹುಳಗಳು ಮಾತ್ರ ಮಿಂದು ಮಡಿಯಾದವರಂತೆ ಓಡಾಡಿಕೊಂಡಿದ್ದವು. ಕೊನೆಗೆ ಈಸೂರಿನ ಗೆಳೆಯರೊಬ್ಬರು ಭತ್ತಕ್ಕೆ ಹೊಡೆದು ಉಳಿದ ಔಷಧಿಯ ಡಬ್ಬಿ ತಂದುಕೊಟ್ಟರು. “ಇದನ್ನ ಹೊಡೀರಿ ಸರ, ಒಂದೂ ಉಳಿಯಂಗಿಲ್ಲ.”

ತಡೆದವರು ಮಾವ, ಗಿರಿಜೆಯ ಅಪ್ಪ. ಸೊರಬದಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಪಾರ್ಶ್ವವಾಯು ಬಡಿದು ಬಲಗೈ ಸೋತು, ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಡಾಕ್ಟರು ಬೆರಳಿಗೆ ಹೇಳಿಕೊಟ್ಟ ವ್ಯಾಯಾಮಕ್ಕೆ, “ಚೆಂಡು ಹಿಚುಕಿ ಎಂತ ಆಗ್ಬೇಕು” ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಮಗಳು ತುತ್ತು ಕೊಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆ ದಿನ ಅವರಾಗಿಯೇ ಬಾಯಿ ಬಿಟ್ಟರು. “ಅದು ಬ್ಯಾಡ ಮಾರಾಯ್ರೇ. ಬೆಳಗಾದ್ರೆ ಸೂರಕ್ಕಿ ಹಾರಿ ಬಂದು ಜೇನಿಗೆ ಆ ಹೂವಿಗೆ ಬಾಯಿ ಹಾಕ್ತದೆ. ನನ್ನ ಅಲ್ಲಿ ಕೂರ್ಸಿ. ಒಂದು ಹಳೆ ಪಂಚೆ ಹರ್ದು ಕೊಡಿ.”

ಕುರ್ಚಿ ಮರದ ಕೆಳಗೆ ಹೋಯಿತು. ನಾನು ಹುಳ ಮುತ್ತಿದ ಕುಡಿಗಳನ್ನು ಕತ್ತರಿಸಿ ಸುಟ್ಟೆ. ಇರುವೆ ಹತ್ತದಂತೆ ಬುಡಕ್ಕೆ ಬಟ್ಟೆ ಸುತ್ತಿ ಗ್ರೀಸ್ ಬಳಿದೆ. ಸಂಜೆ ತಂಪಿನಲ್ಲಿ ಬೇವಿನೆಣ್ಣೆಯ ನೀರು ಸಿಂಪಡಿಸಿದೆ. ಮಾವ ಎಡಗೈಯಿಂದ ಕೊಂಬೆ ಬಗ್ಗಿಸಿ, ಬಲಗೈಯ ಎರಡು ಬೆರಳ ನಡುವೆ ಒದ್ದೆ ಬಟ್ಟೆ ಸಿಕ್ಕಿಸಿಕೊಂಡು ಎಲೆ ಒರೆಸಿದರು. ಮೊದಲ ದಿನ ಆರು ಎಲೆ. ಬಟ್ಟೆ ಜಾರಿ ಬೀಳುತ್ತಿತ್ತು. ಗಿರಿಜೆ ಎತ್ತಿಕೊಡಲು ಬಂದರೆ “ಇರ್ಲಿ” ಎನ್ನುತ್ತಿದ್ದರು. ಎಲೆಯ ಹಿಂಬದಿಯನ್ನೂ ಬಿಡುತ್ತಿರಲಿಲ್ಲ. “ಬಟ್ಟೇದು ಒಳಮೈ ನೋಡಿದ್ರೇ ಹೊಲಿಗೆ ಗೊತ್ತಾಗೋದು” ಎಂದರು ಒಮ್ಮೆ. ಪುಸ್ತಕಗಳು ಎಷ್ಟು ಲೀಟರ್ ನೀರಿಗೆ ಎಷ್ಟು ಔಷಧಿ ಎಂದು ಹೇಳುತ್ತವೆ. ಒಂದು ಎಲೆಯ ಮುಂದೆ ಎಷ್ಟು ಹೊತ್ತು ಕೂರಬೇಕು ಎಂದು ಹೇಳುವುದಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಕೆಳಗಿನ ಕೊಂಬೆಗಳು ಹಸಿರಾದವು. ಒಂದು ಮಧ್ಯಾಹ್ನ ಮಾವ ತುತ್ತನ್ನು ತಾವೇ ಬಾಯಿಗೆ ಒಯ್ದರು. ಅರ್ಧ ಬಾಯಿಗೆ, ಅರ್ಧ ಮಡಿಲಿಗೆ. ಗಿರಿಜೆ ಉಪ್ಪು ತರುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಆ ಕೈ ಮತ್ತೆ ಸೂಜಿಗೆ ದಾರ ಪೋಣಿಸಲಾರದು, ಅದು ನಮಗೆಲ್ಲ ಗೊತ್ತು. ಮರದ ತುದಿಯಲ್ಲೂ ಇನ್ನೂ ಅಲ್ಲಲ್ಲಿ ಬಿಳಿ ಉಳಿದಿದೆ.

ಕುಡಿ ಕತ್ತರಿಸಿದ ಮೇಲೆ ಮೊದಲ ಸಲ, ಮೊನ್ನೆ ಬೆಳಿಗ್ಗೆ ಮರ ಒಂದು ಹೂ ಬಿಟ್ಟಿತು. ಗಿರಿಜೆ ಪೂಜೆಗೆಂದು ಕೈ ಚಾಚಿದಳು.

“ಇವತ್ತೊಂದಿನ ಬಿಡು ಮಗಾ,” ಎಂದರು ಮಾವ. “ಈಗಷ್ಟೇ ಹುಷಾರಾಗ್ತಾ ಇದೆ.”

ಆ ದಿನ ನಮ್ಮ ಮನೆಯ ದೇವರು ಹೂವಿಲ್ಲದೆಯೇ ಪೂಜೆ ಮಾಡಿಸಿಕೊಂಡ. ಕೋಪ ಮಾಡಿಕೊಂಡಂತೆ ನನಗೇನೂ ಕಾಣಲಿಲ್ಲ.