ಕಳಿಸಬಾರದ ಪತ್ರ

ಮನಸ್ಸಿನ ಭಾರವನ್ನು ಕಾಗದದ ಮೇಲೆ ಇಳಿಸಿದರೆ ಮನುಷ್ಯ ಹಗುರಾಗುತ್ತಾನೆ. ಆದರೆ ಆ ಕಾಗದವನ್ನು ಲಕೋಟೆಗೆ ಹಾಕಿ ವಿಳಾಸ ಬರೆಯಬಾರದು.

ಅಫಜಲಪುರದ ನಮ್ಮ ಮನೆಯ ಬಾಗಿಲಲ್ಲಿ ಅಂಥದೊಂದು ಲಕೋಟೆ ಹಿಡಿದು ನಿಂತಿದ್ದವನು ಕರಜಗಿಯ ನನ್ನ ತಮ್ಮ ಶರಣಪ್ಪ. ತನ್ನ ಮಗಳ ಮದುವೆಗೆ ಮನೆಗೆ ಬಂದು ಕರೆಯದೆ ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿದನೆಂದು ಮೂರು ವರ್ಷದಿಂದ ನಾನು ಅವನೊಡನೆ ಮಾತು ಬಿಟ್ಟಿದ್ದೆ. ನನ್ನ ಬಿ.ಪಿ. ಏರಿದ್ದು ಕಂಡ ಡಾಕ್ಟರು, "ಸಿಟ್ಟೆಲ್ಲಾ ಪತ್ರದಾಗ ಬರೀರಿ. ಆದ್ರ ಕಳಸಬ್ಯಾಡ್ರಿ" ಎಂದಿದ್ದರು. ನಾಲ್ಕು ಪುಟ ಬರೆದೆ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈ, ತಾನಾಗಿಯೇ ಲಕೋಟೆ ಅಂಟಿಸಿ ವಿಳಾಸವನ್ನೂ ಬರೆಯಿತು. ನಮ್ಮಾಕೆ ಅದನ್ನು ಕಂಡವಳೇ, ಊರಿಗೆ ಬುತ್ತಿ ಕಳಿಸುವ ಹಾಗೆ, ಕರಜಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದಳು.

ಶರಣಪ್ಪ ಚಪ್ಪಲಿ ಕೂಡ ಬಿಡದೆ ಕೇಳಿದ: "ಅಣ್ಣಾ, ಎರಡನೇ ಪುಟದಾಗ ನನಗ ಕತ್ತೆ ಅಂದೀದಿ. ನಾಲ್ಕನೇದ್ರಾಗ, ಸಣ್ಣಾಂವ ಇದ್ದಾಗ ಹೆಗಲ ಮ್ಯಾಲೆ ಹೊತ್ಗೊಂಡು ಸಾಲಿಗಿ ಒಯ್ದೀನಿ ಅಂತ ಬರದೀದಿ. ಕತ್ತೇನ ಯಾರರೆ ಹೊತ್ತಾರೇನು?"

ಅಡುಗೆಮನೆಯಿಂದ ನಮ್ಮಾಕೆ ಅಂದಳು: "ಹೊತ್ತವ್ರೇನು ಭಾಳ ಶಾಣ್ಯಾ ಅದಾರೇನು, ಶರಣಪ್ಪಾ? ಕೈಕಾಲು ತೊಳಕೊಂಡು ಊಟಕ್ಕ ಬರ್ರಿ."

ಮೊದಲು ನಕ್ಕವನು ಅವನು. ಆಮೇಲೆ ಬೇರೆ ದಾರಿಯಿಲ್ಲದೆ ನಾನು. ಎರಡು ವಾರದ ಬಳಿಕ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಕರೆಯಲು ಶರಣಪ್ಪನೂ ಅವನ ಹೆಂಡತಿಯೂ ಕುಂಕುಮದ ಬಟ್ಟಲು ಹಿಡಿದು ಮನೆಗೆ ಬಂದರು. ನಾವು ಹೋದೆವು.