ಮೊಳೆಗೆ ಕಟ್ಟಿದ್ದ ಬ್ಲೈಂಡ್

ದೆವ್ವ, ಶಕುನ ಎಂದು ಯಾರಾದರೂ ಮಾತೆತ್ತಿದರೆ ನಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳಿಬಿಡುತ್ತೇನೆ, ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ಎಪ್ಪತ್ತರ ದಶಕ. ನಾನು ಆಸ್ಟಿನ್ನಿನಲ್ಲಿ ಓದುತ್ತಿದ್ದೆ. ಊರ ಹೊರಗೆ ಮೊಬೈಲ್ ಹೋಮ್‌ಗಳ ಒಂದು ಕಾಲೊನಿ, ಉದ್ದುದ್ದ ತಗಡಿನ ಮನೆಗಳು. ಐವತ್ತು ದಾಟಿದವರಿಗೆ ಮಾತ್ರ ಅಲ್ಲಿ ವಾಸ. ನನಗಾಗ ಇಪ್ಪತ್ತಾರು! ಎಡ್ನಾ ಎಂಬ ಅಜ್ಜಿ ಸೊಂಟ ಮುರಿದುಕೊಂಡು ದೂರದ ಕ್ಯಾರಲ್ಟನ್ ಊರಿನಲ್ಲಿದ್ದ ಮಗಳ ಮನೆ ಸೇರಿದ್ದರು. ಅವರ ಒಪ್ಪಿಗೆ ಪಡೆದು ಮ್ಯಾನೇಜರ್ ಆ ಮನೆಯಲ್ಲಿ ನನ್ನನ್ನು ಗುಟ್ಟಾಗಿ ಇರಿಸಿದ. ಒಳಗೊಬ್ಬ ಹುಡುಗ ಇದ್ದಾನೆಂದು ತಿಳಿದರೆ ಮರುದಿನವೇ ನಾನು ಬೀದಿಪಾಲು.

ಅಲ್ಲೊಂದು ಪದ್ಧತಿ ಇತ್ತು. ಒಂಟಿಯಾಗಿರುವವರು ಬೆಳಿಗ್ಗೆ ಎಂಟರೊಳಗೆ ಅಡುಗೆಮನೆ ಕಿಟಕಿಯ ಬ್ಲೈಂಡನ್ನು, ಅಂದರೆ ದಾರದಿಂದ ಏರಿಸಿ ಇಳಿಸುವ ಪರದೆಯನ್ನು, ಮೇಲಕ್ಕೆ ಎಳೆಯಬೇಕು. ಎಳೆದಿದ್ದರೆ ಕ್ಷೇಮ, ಇಲ್ಲದಿದ್ದರೆ ಪಕ್ಕದವರು ಬಂದು ಬಾಗಿಲು ಬಡಿಯುತ್ತಾರೆ. ನನ್ನದೋ, ಖಾಲಿ ಮನೆಯ ಲೆಕ್ಕ! ಮ್ಯಾನೇಜರ್ ಬ್ಲೈಂಡ್ ಇಳಿಸಿ, ಅದರ ದಾರವನ್ನು ಮೊಳೆಗೆ ಸುತ್ತಿ ಗಂಟು ಬಿಗಿದಿದ್ದ.

ನಸುಕಿನಲ್ಲೇ ಹೊರಟು, ಕತ್ತಲಾದ ಮೇಲೆ ಕಳ್ಳನಂತೆ ಒಳಗೆ ಸೇರುತ್ತಿದ್ದೆ. ಭಾನುವಾರ ಹೊರಗಿನ ನಗು, ಹರಟೆ ಕೇಳುತ್ತಾ ಮಬ್ಬುಗತ್ತಲೆಯಲ್ಲಿ ಕೂತಿರುತ್ತಿದ್ದೆ. ನಾನು ಸತ್ತರೂ ಇವರ್ಯಾರೂ ಬಾಗಿಲು ಬಡಿಯುವುದಿಲ್ಲವಲ್ಲ ಎಂದು ಅಳು ಬರುತ್ತಿತ್ತು.

ಮೂರು ವಾರ ಕಳೆದಿತ್ತು. ಒಂದು ಶುಕ್ರವಾರ ಜ್ವರ ಹಿಡಿಯಿತು. ಶನಿವಾರ ಏಳಲಾಗಲಿಲ್ಲ. ಭಾನುವಾರ ನೀರಿನ ಲೋಟಕ್ಕೂ ಕೈ ಎಟುಕಲಿಲ್ಲ. ಫೋನ್ ಇರಲಿಲ್ಲ. ಸೋಮವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು, ಆಮೇಲೆ ಬೀಗ ಮುರಿದ ಸದ್ದು. ಪಕ್ಕದ ಮನೆಯ ಹ್ಯಾರಲ್ಡ್, ಹಿಂದೆ ರೈಲು ಓಡಿಸುತ್ತಿದ್ದವರು. ನನ್ನನ್ನು ಕಂಡು ಅವರೇ ಬೆಚ್ಚಿದರು. ಒಂದು ಮಾತೂ ಕೇಳದೆ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಇನ್ನೊಂದು ದಿನ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ನಾನು ಚೇತರಿಸಿಕೊಂಡ ಮೇಲೆ ಹ್ಯಾರಲ್ಡ್ ಹೇಳಿದ್ದು ಇಷ್ಟು: "ಎಡ್ನಾ ವಾಪಸ್ ಬಂದಿದಾಳೆ, ಸೊಂಟ ವಾಸಿಯಾಗೋವರೆಗೆ ತೊಂದರೆ ಕೊಡೋದು ಬೇಡ ಅಂದ್ಕೊಂಡಿದ್ದೆ. ಮೂರು ವಾರದಿಂದ ದಿನಾ ಏಳೂವರೆಗೆ ಬ್ಲೈಂಡ್ ಮೇಲೆ ಹೋಗ್ತಿತ್ತು. ಸೋಮವಾರ ಹೋಗಲಿಲ್ಲ, ಅದಕ್ಕೇ ಬಂದೆ."

"ಭಾನುವಾರಗಳಲ್ಲೂ?" ಎಂದೆ.

"ಭಾನುವಾರವೂ."

ಮನೆಗೆ ಮರಳಿ ನೋಡಿದೆ. ದಾರದ ಗಂಟು ಬಿಗಿದದ್ದು ಬಿಗಿದ ಹಾಗೇ ಇತ್ತು, ಮೇಲೆ ಧೂಳು ಕೂತಿತ್ತು.

ಹೂಸ್ಟನ್ನಿನಲ್ಲಿ ಡಾಕ್ಟರಾಗಿದ್ದ ಗೆಳೆಯ ಪಾಟೀಲ ನಕ್ಕ. "ಜ್ವರದಾಗ ನೀವೇ ಎದ್ದು ಏರಿಸಿರಬೇಕ್ರಿ." ಎರಡು ದಿನದ ಮಟ್ಟಿಗೆ ಆ ಮಾತು ಒಪ್ಪೋಣ. ಉಳಿದ ಮೂರು ವಾರ?

ಬೀಗ ಮುರಿದದ್ದು ತಿಳಿಸಲು ಎಡ್ನಾರಿಗೆ ಫೋನ್ ಮಾಡಿದೆ. ಮಾತಿಗೆ ಮಾತು ಬಂದು, ಮಗಳ ಮನೆಯಲ್ಲೂ ತಾವು ದಿನಾ ಏಳೂವರೆಗೆ ಬ್ಲೈಂಡ್ ಏರಿಸುವುದಾಗಿಯೂ, ಅಲ್ಲಿ ಅದನ್ನು ನೋಡುವವರು ಯಾರೂ ಇಲ್ಲವೆಂದೂ ಹೇಳಿದರು. ಸೋಮವಾರವೂ ಏರಿಸಿದಿರಾ ಎಂದು ಕೇಳಿದೆ.

"ಇಲ್ಲ. ಅವತ್ತು ಯಾಕೋ ಬೇಡ ಅನ್ನಿಸ್ತು."

ಹ್ಯಾರಲ್ಡ್ ನನ್ನ ಮೇಲೆ ದೂರು ಕೊಡಲಿಲ್ಲ. ಈಗ ಅವರೂ ಇಲ್ಲ, ಎಡ್ನಾರೂ ಇಲ್ಲ. ಹೆಂಡತಿ ಹೋದ ಮೇಲೆ ಲಿಯಾಂಡರ್ ಎಂಬ ಊರಿನ ನಮ್ಮ ಮನೆಯಲ್ಲಿ ನಾನೊಬ್ಬನೇ. ಎದುರು ಮನೆಯವರ ಹೆಸರೂ ಗೊತ್ತಿಲ್ಲ. ಆದರೂ ದಿನಾ ಏಳೂವರೆಗೆ ಅಡುಗೆಮನೆಯ ಬ್ಲೈಂಡ್ ಏರಿಸುತ್ತೇನೆ. ಎಲ್ಲೋ ಯಾವುದೋ ಖಾಲಿ ಮನೆಯಲ್ಲಿ ಒಬ್ಬ ಹುಡುಗ ಮಲಗಿದ್ದರೆ? ಯಾಕೋ ಬೇಡ ಅನ್ನಿಸುವ ದಿನ ಬರುವವರೆಗೆ, ಒಂದು ದಿನವೂ ತಪ್ಪಿಸಲು ಧೈರ್ಯ ಬರುವುದಿಲ್ಲ.